ಅರ್ಜಿಫಲ ನಿರ್ಣಯ

ಸಂಶಯ ಇಷ್ಟೇ: ಅನುದಾನದ ಅರ್ಜಿಗೆ ಸಹವಿಜ್ಞಾನಿಗಳು ಹಾಕಿದ ಅಂಕ ನೋಡಿ, ಅರ್ಜಿದಾರ ಮುಂದೆ ಎಷ್ಟು ಸಂಶೋಧನೆ ಮಾಡಿಯಾನೆಂದು ಹೇಳಬಹುದೆ? ಈ ವಿದ್ಯೆಗೆ ಅಂಕಜ್ಯೋತಿಷವೆಂದು ಹೆಸರಿಡೋಣ. ಇದರ ಮೂಲಪೀಠ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್). ಅಲ್ಲಿ 1 ಬಂದವನು ಉತ್ತಮ, 9 ಬಂದವನು ಅಧಮ. ನಮ್ಮ ಮೇಷ್ಟ್ರುಗಳು ಇಷ್ಟು ವರ್ಷ ತಲೆಕೆಳಗಾಗಿ ಅಂಕ ಕೊಟ್ಟರೆಂಬುದು ಇದರಿಂದಲೇ ಸಿದ್ಧ.

ಪೂರ್ವಪಕ್ಷ ಡೇನಿಯೆಲ್ ಲೀ ಮತ್ತು ಲೀಲಾ ಆಘಾ ಅವರದು (2015). 1980ರಿಂದ 2008ರವರೆಗೆ ಎನ್‌ಐಎಚ್ ಹಣ ಕೊಟ್ಟ 1,30,000ಕ್ಕೂ ಹೆಚ್ಚು ಯೋಜನೆಗಳನ್ನು ಅವರು ಜಾಲಾಡಿದರು. ಅಂಕ ಒಂದು ಪ್ರಮಾಣ ವಿಚಲನೆಯಷ್ಟು ಕೆಟ್ಟರೆ ಪ್ರಬಂಧಗಳು ಶೇ 7, ಉಲ್ಲೇಖಗಳು ಶೇ 15 ಕಡಿಮೆ. ಅರ್ಜಿದಾರರ ಹಳೆಯ ಸಾಧನೆಯನ್ನು ಲೆಕ್ಕಕ್ಕೆ ಹಿಡಿದರೂ ನಂಟು ಉಳಿಯಿತು. ಅಂಕ ಹಾಕುವ ಸಮಿತಿಗಳು ಮೀಸೆ ತಿರುವಿದವು.

ಮರುವರ್ಷವೇ ಫೆರಿಕ್ ಫ್ಯಾಂಗ್ ಮತ್ತು ಸಂಗಡಿಗರ ಖಂಡನೆ ಬಂತು. ಅದೇ ಲೆಕ್ಕದಲ್ಲಿ ಮೇಲಿನ ಶೇ 20ರವರನ್ನಷ್ಟೇ ನೋಡಿದರೆ ಅಂಕಕ್ಕೂ ಫಲಕ್ಕೂ ನಂಟು ತೀರಾ ತೆಳು. ದುಡ್ಡಿಗಾಗಿ ಕಾದಾಟ ನಡೆಯುವುದೇ ಅಲ್ಲಿ ಎಂಬುದು ಸಮಿತಿಗಳ ಗ್ರಹಚಾರ.

2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಸ್ವಾರಸ್ಯ. 43 ಪರೀಕ್ಷಕರು, 25 ಅರ್ಜಿ. ಒಂದೇ ಅರ್ಜಿಗೆ ಇಬ್ಬರು ಕೊಟ್ಟ ಅಂಕಗಳಲ್ಲಿ ಎಷ್ಟು ಹೋಲಿಕೆಯಿತ್ತೋ, ಬೇರೆ ಬೇರೆ ಅರ್ಜಿಗಳ ಅಂಕಗಳಲ್ಲೂ ಅಷ್ಟೇ ಇತ್ತು. ಆದ್ದರಿಂದ ಅರ್ಜಿಯನ್ನು ಓದದೆ ಅಂಕ ಹಾಕುವವರನ್ನು ಆಲಸಿಗಳೆನ್ನಬಾರದು, ಅವರು ಮಿತವ್ಯಯಿಗಳು.

ಇನ್ನು ಹೇತುದೋಷ. ಈ ವಾದವೆಲ್ಲ ಹಣ ಸಿಕ್ಕವರ ಸುತ್ತಲೇ ಗಿರಕಿ ಹೊಡೆಯುತ್ತದೆ. ಜಾತಕ ಕೂಡಿ ಮದುವೆಯಾದ ಜೋಡಿಗಳನ್ನಷ್ಟೇ ಕರೆಸಿ ಸಂಸಾರದ ಸುಖದುಃಖ ವಿಚಾರಿಸಿದರೆ ಜೋಯಿಸರ ಮಾತು ನಿಜವೋ ಸುಳ್ಳೋ ತಿಳಿದೀತೆ? ಕೂಡಿಬರಲಿಲ್ಲವೆಂದು ವಾಪಸು ಕಳಿಸಿದ ವರ ಏನಾದನೆಂಬುದು ಈ ಲೆಕ್ಕಗಳಲ್ಲಿಲ್ಲ. ಉದಾಹರಣೆಗೆ ಜೀವರಸಾಯನ ವಿಜ್ಞಾನಿ ಕಾಟಲಿನ್ ಕರಿಕೊ ಇದ್ದಾರೆ. ಎಂಆರ್‌ಎನ್‌ಎ ಹಿಡಿದು ಕೂತ ಅವರ ಅರ್ಜಿಗಳು ಮತ್ತೆ ಮತ್ತೆ ಬಿದ್ದುಹೋದವು, 1995ರಲ್ಲಿ ವಿಶ್ವವಿದ್ಯಾಲಯ ಹಿಂಬಡ್ತಿಯನ್ನೂ ಕೊಟ್ಟಿತು. 2023ರಲ್ಲಿ ನೊಬೆಲ್ ಸಮಿತಿ ಬೇರೆ ಪಂಚಾಂಗ ನೋಡಿತು.

ಅಂಕದ ಗೊಡವೆಯೇ ಬೇಡವೆಂಬ ಪಕ್ಷವೂ ಉಂಟು: ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಅನುದಾನಕ್ಕೆ ಯೋಗ್ಯ ಅರ್ಜಿಗಳನ್ನು ಸೋಸಿ, ಆಮೇಲೆ ಚೀಟಿ ಎತ್ತತೊಡಗಿತು. ಶಾಸ್ತ್ರಜ್ಞರು ಇದನ್ನು ಒಪ್ಪಲಾರರು. ಚೀಟಿ ಎತ್ತುವ ಸಭೆಯಲ್ಲಿ ಗಂಟಲು ಸರಿಮಾಡಿಕೊಳ್ಳಲೂ ಅವಕಾಶವಿಲ್ಲ.

ಹಾಗೆಂದು ಅಂಕ ಹಾಕುವ ಪದ್ಧತಿಯಿಂದ ಯಾವ ಭವಿಷ್ಯವೂ ಸಿಗದೆಂದಲ್ಲ. 2012ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದೇ ಸುತ್ತಿನ ವೈದ್ಯಕೀಯ ಅನುದಾನದ ಅರ್ಜಿ ತಯಾರಿಸಲು ಒಟ್ಟು ಸುಮಾರು 550 ವರ್ಷಗಳಷ್ಟು ದುಡಿಮೆ ಸುರಿದರೆಂಬ ಅಂದಾಜಿದೆ. ಆ ಹೊತ್ತಿನಲ್ಲಿ ಅವರು ಸಂಶೋಧನೆ ಮಾಡಲಿಲ್ಲ ಎಂಬುದನ್ನು ಸಮಿತಿ ಕೂಡುವ ಮೊದಲೇ, ಅಂಕದ ಹಂಗಿಲ್ಲದೆ, ಖಚಿತವಾಗಿ ಹೇಳಬಹುದು.