ಕ್ಯಾಶುವಾಲ್ಟಿಯ ನೆಗಡಿ

ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವ ನರ್ಸಿಗೆ ನೆಗಡಿಯಾದರೆ ಜನಕ್ಕೆ ಅಯ್ಯೋ ಅನ್ನಿಸುವ ಮೊದಲು ನಗು ಬರುತ್ತದೆ. "ಏನ್ ಸಿಸ್ಟರ್, ಆಸ್ಪತ್ರೇಲೇ ಇದ್ಕೊಂಡು ಹುಷಾರಿಲ್ವಾ?" ಎಂದು ತರಕಾರಿಯವನಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಆರೋಗ್ಯ ಉಚಿತವಾಗಿ ಮೈಗೆ ಹತ್ತುತ್ತದೆಂದು ಅವರ ನಂಬಿಕೆ. ಊರಿನ ಕೆಮ್ಮೆಲ್ಲ ರಾತ್ರಿ ಹನ್ನೊಂದರ ಮೇಲೆ ಆಟೋ ಹತ್ತಿ ನಮ್ಮಲ್ಲಿಗೇ ಬರುತ್ತದೆಂಬುದು ಅವರಿಗೇನು ಗೊತ್ತು?

ಬರುವುದೂ ಒಂಟಿಯಾಗಿ ಅಲ್ಲ. ವಾಂತಿಭೇದಿಯಾದ ಅಜ್ಜಿಯ ಹಿಂದೆ ಮಗ, ಸೊಸೆ, ಸೊಸೆಯ ತಮ್ಮ, ಪಕ್ಕದ ಮನೆಯವರು, ಜೊತೆಗೆ "ಕಾರು ನಂದು, ಅದಕ್ಕೇ ಬಂದೆ" ಎನ್ನುವ ಒಬ್ಬರು. ಅಜ್ಜಿಯನ್ನು ಬಿಟ್ಟು ಉಳಿದವರೆಲ್ಲ ಕೆಮ್ಮುತ್ತಿರುತ್ತಾರೆ. ಮಾಸ್ಕ್ ಕೊಟ್ಟರೆ ಭಕ್ತಿಯಿಂದ ಹಾಕಿಕೊಳ್ಳುತ್ತಾರೆ. ಕೆಮ್ಮು ಬಂದಾಗ ಮಾತ್ರ ಅದನ್ನು ಗದ್ದಕ್ಕೆ ಇಳಿಸಿ, ನನ್ನ ಕಡೆ ತಿರುಗಿ, ನಿರಾಳವಾಗಿ ಕೆಮ್ಮಿ, ಮತ್ತೆ ಮೂಗಿಗೆ ಏರಿಸುತ್ತಾರೆ. ಯಾಕೆಂದು ಒಬ್ಬರನ್ನು ಕೇಳಿದರೆ, "ಮಾಸ್ಕ್ ಗಲೀಜಾಗುತ್ತಲ್ಲ ಸಿಸ್ಟರ್" ಅಂದರು.

ನಾವೂ ಬರಿಗೈಯಲ್ಲಿ ನಿಂತವರಲ್ಲ. ಕೆಲಸಕ್ಕೆ ಸೇರಿದಾಗಲೇ ಹೆಪಟೈಟಿಸ್ ಬಿ ಲಸಿಕೆ: ಮೊದಲ ದಿನ ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ಲಸಿಕೆಯಿಲ್ಲದವರಿಗೆ ಸೋಂಕಿನ ಸೂಜಿ ಚುಚ್ಚಿದರೆ ಆ ವೈರಸ್ ಅಂಟುವ ಸಂಭವ ಶೇ. 30ರವರೆಗೂ ಇದೆ, ಎಲ್ಲರೂ ಹೆದರುವ ಎಚ್‌ಐವಿಯದು ಶೇ. 0.3 ಅಷ್ಟೆ. ಹಾಗಾಗಿ ಬಳಸಿದ ಸೂಜಿಗೆ ಮರಳಿ ಮುಚ್ಚಳ ಹಾಕುವಂತಿಲ್ಲ, ಸೀದಾ ಬಿಳಿ ಡಬ್ಬಿಗೆ. ಕ್ಷಯದ ಅನುಮಾನವಿದ್ದರೆ ಎನ್-95 ಮಾಸ್ಕ್. ಅದನ್ನು ತೆಗೆದಾಗ ಮೂಗಿನ ಮೇಲೆ ಗೆರೆ ಬಿದ್ದಿರದಿದ್ದರೆ ಗಾಳಿ ಪಕ್ಕದಿಂದ ನುಸುಳಿದೆಯೆಂದೇ ನಮ್ಮ ಲೆಕ್ಕ.

ಇನ್ನು ಕೈ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮಲ್‌ವೈಸ್ ಎಂಬ ವೈದ್ಯ ಎಲ್ಲರಿಗೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಇಳಿಯಿತು, ಅನೇಕ ವೈದ್ಯರ ಸಿಟ್ಟು ಏರಿತು. ಈಗ ಸಿಟ್ಟಿಲ್ಲ, ಸಮಯವಿಲ್ಲ. ಸೋಪಿನಲ್ಲಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರಿನಲ್ಲಾದರೆ 20ರಿಂದ 30 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆನ್ನ ಹಿಂದೆ "ಸಿಸ್ಟರ್, ಡ್ರಿಪ್ ಮುಗೀತು, ರಕ್ತ ವಾಪಸ್ ಬರ್ತಿದೆ!" ಎಂಬ ಕೂಗೆದ್ದಾಗ ಅಲ್ಲಾಡದೆ ನಿಂತು ಬೆರಳ ಸಂದಿ ಉಜ್ಜುವುದು ತಪಸ್ಸೇ ಸರಿ. ಆ ಅಜ್ಜಿಯಂಥ ಕೇಸಿಗಂತೂ ಸೋಪೇ ಬೇಕು. ವಾಂತಿಭೇದಿ ತರುವ ನೋರೋವೈರಸ್ ಸ್ಯಾನಿಟೈಸರಿಗೆ ಸುಲಭಕ್ಕೆ ಜಗ್ಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನೆಗಡಿ ಬರುವುದೆಲ್ಲಿಂದ? ನನ್ನ ಗುಮಾನಿ ರೋಗಿಗಳ ಮೇಲಲ್ಲ, ನಮ್ಮ ಡ್ಯೂಟಿ ರೂಮಿನ ಮೇಲೆ. ಗ್ಲೌಸ್ ಬಿಚ್ಚಿ, ಮಾಸ್ಕ್ ತೆಗೆದು ಒಳಗೆ ಬಂದು ಕೂತರೆ ಸಾಕು, ನಮಗೆ ರೋಗಾಣುಗಳ ಮೇಲೆ ವಿಶ್ವಾಸ ಹುಟ್ಟಿಬಿಡುತ್ತದೆ. ಪೇಪರಿನ ಮೇಲೆ ಸುರಿದ ಖಾರ ಮಂಡಕ್ಕಿಗೆ ಎಲ್ಲ ಕೈಗಳೂ ಒಟ್ಟಿಗೆ ಬರುತ್ತವೆ. ರಿಜಿಸ್ಟರಿಗೆ ದಾರ ಕಟ್ಟಿದ ಪೆನ್ನೊಂದಿದೆ. ಡ್ಯೂಟಿ ಡಾಕ್ಟರು ಯೋಚಿಸುವಾಗ ಅದರ ಹಿಂತುದಿ ಕಚ್ಚುತ್ತಾರೆ. ಮೆಡಿಕೋ-ಲೀಗಲ್ ಕೇಸಿಗೆ ಬಂದ ಪೊಲೀಸರು ದಾರ ಎಟುಕುವಷ್ಟು ತಲೆ ಬಗ್ಗಿಸಿ ಅದರಲ್ಲೇ ಕಿವಿ ಕೆರೆದುಕೊಳ್ಳುತ್ತಾರೆ. ಆಮೇಲೆ ನಾನು ಬಿ.ಪಿ. ಬರೆದು, ಅದನ್ನೇ ಗದ್ದಕ್ಕೆ ಊರಿಕೊಂಡು ಮುಂದಿನ ಕೇಸಿಗೆ ಕಾಯುತ್ತೇನೆ. ಸಿಡ್ನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಡಿಯೊದಲ್ಲಿ ಗಮನಿಸಿದ 2015ರ ಅಧ್ಯಯನವೊಂದರ ಪ್ರಕಾರ, ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರಂತೆ. ಓದುತ್ತಿದ್ದಂತೆಯೇ ನನ್ನ ಮೂಗು ತುರಿಸಿತು.

ಉಳಿದದ್ದು ನಿದ್ದೆ. ಅಮೆರಿಕದಲ್ಲಿ 164 ಜನರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿಸಿ ನೋಡಿದರು. 6 ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಂಭವ 7 ಗಂಟೆ ದಾಟಿ ಮಲಗುವವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಕುಕ್ಕರಿನ ಸೀಟಿ, ನೀರಿನ ಟ್ಯಾಂಕರ್, "ಹಗಲು ಮಲಗಿದ್ರೆ ಮನೇಲಿ ಲಕ್ಷ್ಮಿ ನಿಲ್ಲಲ್ಲ" ಎನ್ನುವ ಅತ್ತೆ. ಸಂಬಳ ತರೋ ಲಕ್ಷ್ಮಿಯೇ ಮಲಗಿರೋದು ಎಂದು ಗೊಣಗಿ ದಿಂಬನ್ನು ಕಿವಿಗೊತ್ತಿಕೊಳ್ಳುತ್ತೇನೆ.

ಈಗ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಜೇಬಿನಲ್ಲಿ ಸ್ವಂತ ಪೆನ್ನು, ಮಂಡಕ್ಕಿಗೆ ಸ್ವಂತ ಚಮಚ. ಜಿಪುಣಿ ಎಂಬ ಬಿರುದೂ ಬಂದಿದೆ. ಇವೆಲ್ಲಕ್ಕಿಂತ ದೊಡ್ಡ ಮದ್ದು, ಹುಷಾರಿಲ್ಲದವರು ಮನೆಯಲ್ಲಿರುವುದು. ಆದರೆ ಹುಷಾರಿಲ್ಲ ಅಂದರೆ ಇನ್‌ಚಾರ್ಜ್ ಸಿಸ್ಟರ್ ಮೊದಲು ನೋಡುವುದು ನಮ್ಮ ಮುಖವನ್ನಲ್ಲ, ಡ್ಯೂಟಿ ಚಾರ್ಟನ್ನು. "ರಜೆ ಹಾಕಮ್ಮ, ಬೇಡ ಅಂದೋರ್ಯಾರು? ಬದಲಿಗೆ ಯಾರನ್ನಾದ್ರೂ ಒಪ್ಪಿಸಿ ಹಾಕು." ಅದಕ್ಕೇ ಎಲ್ಲರೂ ಮೂಗು ಸೊರಗುಟ್ಟುತ್ತಲೇ ಡ್ಯೂಟಿಗೆ ಬರುತ್ತೇವೆ.

ಈ ಸಲ ಹಟ ಹಿಡಿದು ಬದಲಿ ಹುಡುಕಿದೆ. ಒಬ್ಬಳಿಗೆ ತಲೆಭಾರ, ಇನ್ನೊಬ್ಬಳಿಗೆ ಗಂಟಲು ಕೆರೆತ, ಮತ್ತೊಬ್ಬಳು ಫೋನೆತ್ತಿ ಹಲೋ ಅನ್ನುವ ಬದಲು ಸೀನಿದಳು. ಗಟ್ಟಿಮುಟ್ಟಾಗಿ ಉಳಿದವಳು ಒಬ್ಬಳೇ: ಹೋದ ವಾರ ಒಂದು ಕೈಯಲ್ಲಿ ಕರ್ಚೀಫು ಹಿಡಿದು ಇನ್ನೊಂದರಲ್ಲಿ ಮಂಡಕ್ಕಿ ಕಲಸಿದ್ದವಳು. "ನಾನ್ ಮಾಡ್ತೀನಿ ಬಿಡೇ, ನಂಗೆ ಪೂರ್ತಿ ವಾಸಿಯಾಗಿದೆ" ಅಂದಳು. ಆಗದೇ ಏನು, ಇದ್ದದ್ದನ್ನೆಲ್ಲ ನಮಗೇ ಹಂಚಿದ್ದಳಲ್ಲ!