ಸಡ್ಲ ಆಗೇತ್ರಿ

ಬೀಳಗಿಗೆ ಹೋಗುವ ದಾರಿಯಲ್ಲಿ ನನ್ನ ಗಾಡಿಯ ನಂಬರ್ ಪ್ಲೇಟು ಬಿತ್ತು. ಊರಿನ ಹೆಸರೇ ಬೀಳಗಿ ಅಂದಮೇಲೆ ಏನಾದರೊಂದು ಬೀಳಬೇಕಾದದ್ದೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಆದರೆ ಬಿದ್ದದ್ದು ಗೊತ್ತಾದದ್ದು ಮದುವೆಯ ಊಟ ಮುಗಿಸಿ ಹೊರಗೆ ಬಂದಾಗ. ಸಾಲಾಗಿ ನಿಂತ ಮೋಟಾರ್ ಸೈಕಲ್ಲುಗಳಲ್ಲಿ ನನ್ನದನ್ನು ಹುಡುಕುತ್ತೇನೆ, ಕೆಎ 48 ಎಂದು ಶುರುವಾಗುವ ಹಲಗೆಗಳೆಲ್ಲ ಮಂದಿಯವು. ಮೂಲೆಯಲ್ಲಿ ಹಲಗೆಯೇ ಇಲ್ಲದ ಒಂದು ಅನಾಥ ಗಾಡಿ ನಿಂತಿತ್ತು. ಅನುಮಾನಿಸುತ್ತಲೇ ಕೀಲಿ ಹಾಕಿದೆ, ತಿರುಗಿತು.

ಹೈ ಸೆಕ್ಯುರಿಟಿ ಪ್ಲೇಟು ಬರುವುದಕ್ಕೆ ಮುಂಚಿನ ಮಾತು ಇದು. ಆಗ ನಂಬರ್ ಹಲಗೆಯನ್ನು ಎರಡು ಸಣ್ಣ ನಟ್ಟು-ಬೋಲ್ಟು ಹಿಡಿದುಕೊಂಡಿರುತ್ತಿದ್ದವು. ಮರುದಿನ ಜಮಖಂಡಿಯ ಗ್ಯಾರೇಜಿನ ಹುಡುಗನ ಮುಂದೆ ನಿಂತು ದೂರು ಹೇಳಿದೆ. ಅವನಿಗೆ ನನಗಿಂತ ಹೆಚ್ಚು ಆಶ್ಚರ್ಯ.

“ಸರ್ರ, ಸ್ಪ್ರಿಂಗ್ ವಾಶರ್ ಹಾಕಿದ್ನಲ್ಲರಿ! ಹೆಂಗ ಬಿತ್ತು?”

“ಅದನ್ನ ನಿನ್ನ ಕೇಳಾಕ ಬಂದೇನಿ ತಮ್ಮಾ.”

“ಗಾಡಿ ಭಾಳ ಅಳ್ಳಾಡತೈತ್ರಿ ನಿಮ್ದು. ಸಡ್ಲ ಆಗೇತ್ರಿ.”

ಗಾಡಿಯೋ, ನಾನೋ, ನಟ್ಟೋ ಎಂದು ಅವನು ಬಿಡಿಸಿ ಹೇಳಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ಉತ್ತರ ಸಿಕ್ಕರೆ ನಿದ್ದೆ ಹತ್ತುವುದಿಲ್ಲ. ಅಂದಿನಿಂದ ನನಗೆ ನಟ್ಟು-ಬೋಲ್ಟಿನ ಹುಚ್ಚು ಹಿಡಿಯಿತು. ಮನೆಯಾಕೆಯ ಪ್ರಕಾರ ನನ್ನದೇ ಒಂದು ನಟ್ಟು ಸಡಿಲಾದದ್ದೂ ಅಂದೇ.

ನಾನು ಮೊದಲು ತಿಳಿದಿದ್ದು ಬೋಲ್ಟು ಎಂದರೆ ಮೊಳೆಯ ಅಣ್ಣ ಎಂದು. ದಪ್ಪಗಿರುತ್ತದೆ, ಗಟ್ಟಿ ಇರುತ್ತದೆ, ಅಡ್ಡ ನಿಂತು ತಡೆಯುತ್ತದೆ. ಹಾಗಲ್ಲವಂತೆ. ಬೋಲ್ಟು ಒಂದು ಸ್ಪ್ರಿಂಗು. ಪಾನಾ ಹಾಕಿ ನಟ್ಟು ತಿರುಗಿಸಿದಾಗ ನಾವು ಮಾಡುವುದಿಷ್ಟೇ, ಬೋಲ್ಟನ್ನು ಉದ್ದಕ್ಕೆ ಹಿಗ್ಗಿಸುತ್ತೇವೆ. ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒಂದಕ್ಕೊಂದು ಅವುಚಿ ಹಿಡಿಯುತ್ತದೆ. ಕಿರುಬೆರಳಿನಷ್ಟು ದಪ್ಪದ, ಹನ್ನೆರಡು ಮಿಲಿಮೀಟರಿನ ಬೋಲ್ಟು ತೆಗೆದುಕೊಳ್ಳಿ. ತಲೆಯ ಮೇಲೆ 8.8 ಎಂದು ಕೊರೆದಿರಬೇಕು. ಮೊದಲ ಎಂಟರ ಅರ್ಥ, ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ ಹೆಚ್ಚುಕಡಿಮೆ 80 ಕೆಜಿ ಭಾರದಷ್ಟು ಎಳೆದರೆ ಅದು ಹರಿಯುತ್ತದೆ. ಎರಡನೆಯ ಎಂಟು ಹೇಳುವುದು, ಆ ಲೆಕ್ಕದ ಶೇಕಡಾ 80 ದಾಟಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ, ತಿರುಗಿ ಮೊದಲಿನಂತಾಗುವುದಿಲ್ಲ ಎಂದು. ಈ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದೊಂದೇ ಮೂರೂವರೆ ಟನ್ನಿಗೂ ಹೆಚ್ಚಿನ ಬಲದಿಂದ ಅವುಚುತ್ತದೆ. ನಮ್ಮ ಹೊಲದಲ್ಲಿ ಓಡಾಡುವ ಟ್ರ್ಯಾಕ್ಟರುಗಳು ಸುಮಾರು ಎರಡು ಟನ್ ತೂಗುತ್ತವೆ. ಅಷ್ಟು ಬಲಕ್ಕೆ ಅದು ಹಿಗ್ಗುವುದೆಷ್ಟು? ಅರವತ್ತು ಮಿಲಿಮೀಟರ್ ಉದ್ದದ ಬೋಲ್ಟಾದರೆ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕಣ್ಣಿಗೆ ಕಾಣದಷ್ಟು.

ಇನ್ನೂ ಮೋಜಿನ ಸಂಗತಿ ಪಾನಾ ಹಿಡಿದವನ ಬೆವರಿನ ಲೆಕ್ಕ. ನಾವು ಹಾಕುವ ನೂರು ಪಾಲು ಶ್ರಮದಲ್ಲಿ ಸುಮಾರು ಐವತ್ತು ನಟ್ಟಿನ ಬುಡದ ಉಜ್ಜಾಟದಲ್ಲಿ ಹೋಗುತ್ತದೆ, ನಲವತ್ತು ತ್ರೆಡ್ಡುಗಳ ಉಜ್ಜಾಟದಲ್ಲಿ. ಬೋಲ್ಟು ಹಿಗ್ಗಿಸಲು ಉಳಿಯುವುದು ಹತ್ತು. ಇದನ್ನು ಓದಿದಾಗ ಬೇರೆ ಊರಿನವರು ಹೌಹಾರಬಹುದು, ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನೂರು ಕೆಜಿ ಕಬ್ಬು ಅರೆದರೆ ಸಿಗುವ ಸಕ್ಕರೆಯೂ ಹತ್ತು-ಹನ್ನೊಂದು ಕೆಜಿಯೇ. ಮುಧೋಳ, ಜಮಖಂಡಿಯ ಯಾವ ಚಾದಂಗಡಿಯಲ್ಲಿ ಕೂತರೂ ‘ರಿಕವರಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಕೇಂದ್ರ ಸರಕಾರ ಕಬ್ಬಿನ ದರ ಕಟ್ಟುವುದು ಶೇಕಡಾ 10.25 ರಿಕವರಿಯ ಲೆಕ್ಕ ಹಿಡಿದು. ನಟ್ಟು-ಬೋಲ್ಟಿನ ರಿಕವರಿ ಹತ್ತು. ಹೆಚ್ಚುಕಡಿಮೆ ಒಂದೇ ದರ.

ಒಂದು ವ್ಯತ್ಯಾಸ ಇದೆ. ಕಬ್ಬಿನ ರಿಕವರಿ ಹದಿನೈದಕ್ಕೆ ಏರಿದರೆ ರೈತ ಊರಿಗೆಲ್ಲ ಊಟ ಹಾಕಿಸುತ್ತಾನೆ. ಬೋಲ್ಟಿನ ರಿಕವರಿ ಹದಿನೈದಕ್ಕೆ ಏರಿದರೆ ಬೋಲ್ಟು ಹರಿದರೂ ಹರಿಯಿತು. ತ್ರೆಡ್ಡಿಗೆ ಎಣ್ಣೆ ಸವರಿದರೆ ಆಗುವುದು ಇದೇ. ಉಜ್ಜಾಟ ಕಡಿಮೆಯಾಗಿ, ಕೈ ಹಾಕಿದ ಜೋರು ಅಷ್ಟೇ ಇದ್ದರೂ ಒಳಗೆ ಎಳೆತ ಒಂದೂವರೆ ಪಟ್ಟು ಆಗಿಬಿಡಬಹುದು. ಒಂದೂರಿನ ಗ್ಯಾರೇಜಿನಲ್ಲಿ (ಹೆಸರು ಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು) ನನ್ನ ಗಾಡಿಯ ಎಣ್ಣೆ ಬದಲಿಸಿದ ಮೇಲೆ ತಳದ ಬೋಲ್ಟನ್ನು ಮಿಸ್ತ್ರಿ ಬಿಗಿಯುವುದನ್ನು ನೋಡುತ್ತ ಕೂತಿದ್ದೆ. ಬೋಲ್ಟು ಎಣ್ಣೆಯಲ್ಲಿ ಮಿಂದಿತ್ತು. ಬಿಗಿಯಾಗಿತ್ತು. ಆತನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಪಾನಾದ ಹಿಡಿಕೆಗೆ ಒಂದು ಪೈಪು ಸಿಕ್ಕಿಸಿ ಇನ್ನೊಂದು ಸುತ್ತು ಜಗ್ಗಿದ. ಬಿಗಿ ಬಿಗಿ ಅನ್ನುತ್ತಿದ್ದ ಪಾನಾ ಒಮ್ಮೆಲೇ ಹಗುರಾಗಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. “ಸ್ಲಿಪ್ ಆತ್ರಿ,” ಅಂದ, ನನ್ನದೇ ತಪ್ಪೆಂಬಂತೆ.

ಸ್ಲಿಪ್ ಆದದ್ದು ತ್ರೆಡ್ಡು. ಈ ತ್ರೆಡ್ಡು ಎಂಬ ಶಬ್ದದ ಹಿಂದೆ ಹೋದಾಗ ನನಗೊಂದು ನಿಧಿ ಸಿಕ್ಕಿತು. ಇಂಗ್ಲಿಷಿನವರು ಬೋಲ್ಟಿನ ಮೈಮೇಲಿನ ಸುರುಳಿಯನ್ನು ನೋಡಿ ನೂಲು ಎಂದರು. ಹಿಂದಿ ಮಾತಾಡುವ ಮಿಸ್ತ್ರಿಗಳು ಅದನ್ನೇ ನೋಡಿ ಚೂಡಿ, ಅಂದರೆ ಬಳೆ ಎಂದರು. ಒಂದೇ ಬೋಲ್ಟು; ಒಬ್ಬರಿಗೆ ನೂಲು ಸುತ್ತಿದ ಕಂಡಿಕೆಯಂತೆ ಕಂಡಿತು, ಇನ್ನೊಬ್ಬರಿಗೆ ಮೊಣಕೈವರೆಗೆ ಬಳೆ ತೊಟ್ಟ ಕೈಯಂತೆ. ನೋಡಿ, ನಮ್ಮ ಸೀಮೆಯಲ್ಲಿ ಎರಡಕ್ಕೂ ಒಂದೊಂದು ಊರಿದೆ. ನೂಲಿಗೆ ಮಗ್ಗಗಳ ಊರು ರಬಕವಿ-ಬನಹಟ್ಟಿ. ಬಳೆಗೆ ಮುಧೋಳ, ಯಾಕೆಂದರೆ ಹತ್ತನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿ ಗದಾಯುದ್ಧ ಬರೆದ ರನ್ನ ಬಳೆಗಾರರ ಮನೆಯವನು. ಬಳೆಗಾರನಿಗೆ ಗೊತ್ತಿರುವಷ್ಟು ಬಿಗಿ-ಸಡಿಲದ ಲೆಕ್ಕ ಎಂಜಿನಿಯರನಿಗೂ ಗೊತ್ತಿರಲಿಕ್ಕಿಲ್ಲ. ಕೈಯನ್ನು ಹಿಚುಕಿ ಹಿಚುಕಿ, ಸಾಬೂನು ಸವರಿ, ಇನ್ನೇನು ಒಡೆಯಿತು ಅನ್ನುವಾಗ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬಂದು ಕೂರುತ್ತದೆ. ಆಮೇಲೆ ತಾನಾಗಿ ಇಳಿಯುವುದಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಬಳೆಗಾರ ಅಳತೆ ಕೇಳದೆ ಕೈ ಮುಟ್ಟಿ ನೋಡಿಯೇ ಡಜನ್ ಎತ್ತಿಟ್ಟಿದ್ದ.

ಮುಧೋಳ ಎಂದಮೇಲೆ ನಾಯಿಯ ಸುದ್ದಿ ಬಿಟ್ಟರೆ ಅಲ್ಲಿಯವರು ಬೇಜಾರಾಗುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಆ ನಾಯಿಗೆ ಎದೆ ದೊಡ್ಡದು, ನಡು ಮಾತ್ರ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಎಂಜಿನ್ನಿನೊಳಗೆ ಪಿಸ್ಟನ್ನಿನ ತೋಳನ್ನು ಕ್ರ್ಯಾಂಕಿಗೆ ಹಿಡಿದಿಡುವ ಬೋಲ್ಟುಗಳನ್ನು ಎಂದಾದರೂ ಬಿಚ್ಚಿ ನೋಡಿ, ಎಷ್ಟೋ ಎಂಜಿನ್ನುಗಳಲ್ಲಿ ಅವು ಮುಧೋಳ ತಳಿಯವೇ. ತಲೆ ದಪ್ಪ, ತ್ರೆಡ್ಡಿನ ಭಾಗ ದಪ್ಪ, ನಡು ಬೇಕೆಂದೇ ಸಣ್ಣಗೆ ಕಡೆದದ್ದು. ಮೇಲ್ನೋಟಕ್ಕೆ ಇದು ತಲೆತಿರುಕ ಕೆಲಸ. ನಿಮಿಷಕ್ಕೆ ಸಾವಿರಾರು ಸಲ ಜಗ್ಗಾಟ ಬೀಳುವ ಜಾಗದಲ್ಲಿ ದಪ್ಪ ಬೋಲ್ಟು ಹಾಕುವುದು ಬಿಟ್ಟು ಸಣ್ಣ ನಡು ಯಾಕೆ? ಸಣ್ಣದು ಹೆಚ್ಚು ಹಿಗ್ಗುತ್ತದೆ, ಅದಕ್ಕೆ. ಹೆಚ್ಚು ಹಿಗ್ಗುವ ಬೋಲ್ಟು ಪ್ರತಿ ಏಟಿನ ಸಣ್ಣ ಪಾಲನ್ನಷ್ಟೇ ತಾನು ಹೊರುತ್ತದೆ, ಉಳಿದದ್ದನ್ನು ತಾನು ಅವುಚಿ ಹಿಡಿದ ಭಾಗಗಳಿಗೆ ಬಿಡುತ್ತದೆ. ಉದ್ದನೆಯ ಬೋಲ್ಟಿಗೂ ಇದೇ ಗುಣ. ನಟ್ಟಿನ ಬುಡದ ಬಣ್ಣವೋ ತುಕ್ಕೋ ಸವೆದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಕುಸಿದರೆ, ಹತ್ತು ಪಾಲು ಹಿಗ್ಗಿದ ಉದ್ದನೆಯ ಬೋಲ್ಟಿಗೆ ಐದರಲ್ಲಿ ಒಂದಂಶ ಬಿಗಿ ನಷ್ಟ. ಎರಡೇ ಪಾಲು ಹಿಗ್ಗಿದ ಗಿಡ್ಡ ಬೋಲ್ಟಿಗೆ ಪೂರ್ತಿ ದಿವಾಳಿ.

ನನ್ನ ನಂಬರ್ ಹಲಗೆಯ ಕಥೆ ಇಲ್ಲಿ ಬಿಚ್ಚಿಕೊಂಡಿತು. ಹಲಗೆ ತೆಳ್ಳಗೆ, ಬೋಲ್ಟು ಗಿಡ್ಡ, ಬುಡದಲ್ಲಿ ಬಣ್ಣ. ಹಿಗ್ಗುವುದಕ್ಕೆ ಅಲ್ಲಿ ಉದ್ದವೇ ಇರಲಿಲ್ಲ.

ಹಾಗಾದರೆ ಆ ಹುಡುಗನ ಸ್ಪ್ರಿಂಗ್ ವಾಶರು? ಪಾಪ, ಅವನೊಬ್ಬನೇ ಅಲ್ಲ, ಜಗತ್ತಿನ ಅರ್ಧ ಗ್ಯಾರೇಜುಗಳು ಅದರ ಭಕ್ತರು. ನಾಸಾದವರು 1990ರಲ್ಲಿ ತಮ್ಮ ಎಂಜಿನಿಯರುಗಳಿಗಾಗಿ ಹೊರತಂದ ಬೋಲ್ಟಿನ ಕೈಪಿಡಿಯಲ್ಲಿ ಇದರ ಬಗ್ಗೆ ಮುಲಾಜಿಲ್ಲದೆ ತೀರ್ಪು ಕೊಟ್ಟಿದ್ದಾರೆ, ಸಡಿಲಾಗದಂತೆ ತಡೆಯಲು ಇದು ನಿರುಪಯೋಗಿ ಎಂದು. ಬೋಲ್ಟು ಸರಿಯಾಗಿ ಬಿಗಿಯಾಗುವ ಎಷ್ಟೋ ಮುಂಚೆಯೇ ಈ ವಾಶರು ಚಪ್ಪಟೆಯಾಗಿ ಮಲಗಿಬಿಡುತ್ತದೆ. ಆಮೇಲೆ ಅದು ಸೀಳಿದ ಒಂದು ಸಾದಾ ವಾಶರು, ಅಷ್ಟೇ.

ನಟ್ಟು ನಿಜವಾಗಿ ಯಾಕೆ ಬಿಚ್ಚುತ್ತದೆ ಎಂಬುದನ್ನು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು ತೋರಿಸಿಕೊಟ್ಟ. ಬೋಲ್ಟನ್ನು ಉದ್ದಕ್ಕೆ ಜಗ್ಗಿ ಬಿಟ್ಟು ಮಾಡಿದರೆ ಅಂಥ ಅಪಾಯವಿಲ್ಲ. ಅದು ಹಿಡಿದ ಎರಡು ಭಾಗಗಳು ಅಡ್ಡಕ್ಕೆ, ಅತ್ತಿಂದಿತ್ತ ಜಾರಿದರೆ ಮಾತ್ರ ಕೆಲಸ ಕೆಟ್ಟಿತು. ಆತ ಒಂದು ಯಂತ್ರ ಮಾಡಿದ, ಬೋಲ್ಟು ಹಾಕಿದ ತಗಡನ್ನು ಅದು ಎಡಕ್ಕೂ ಬಲಕ್ಕೂ ಸರಿಸುತ್ತಿರುತ್ತದೆ, ಬಿಗಿ ಎಷ್ಟು ಉಳಿಯಿತು ಎಂದು ಅಳೆಯುತ್ತಿರುತ್ತದೆ. ಆ ಯಂತ್ರದ ವರ್ಣನೆ ಓದಿದಾಗ ನನ್ನ ಕಿವಿಯಲ್ಲಿ ಕೇಳಿದ್ದು ಬನಹಟ್ಟಿಯ ಓಣಿಯ ಸಪ್ಪಳ. ಲಾಳಿ ಅತ್ತ ಹೋಗಿ ಇತ್ತ ಬರುವ, ಹಗಲೂ ರಾತ್ರಿ ಖಟ್ ಖಟ್ ಎನ್ನುವ ಪವರ್‌ಲೂಮ್. ಅಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ನಾಲ್ಕು ಮಗ್ಗ. ಮಾಲೀಕ ಸಂಜೆಗೊಮ್ಮೆ ಪಾನಾ ಹಿಡಿದು ಮಗ್ಗಕ್ಕೆ ಪ್ರದಕ್ಷಿಣೆ ಹಾಕುತ್ತ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಬರುತ್ತಿದ್ದ. ನಾನದನ್ನು ದೇವರ ಪೂಜೆಯ ಪೈಕಿ ಎಂದೇ ತಿಳಿದಿದ್ದೆ.

ಅಡ್ಡ ಜಾರಿದರೆ ನಟ್ಟು ಯಾಕೆ ತಿರುಗಬೇಕು? ತ್ರೆಡ್ಡು ಎಂದರೆ ಕಂಬಕ್ಕೆ ಸುತ್ತಿದ ಒಂದು ಇಳಿಜಾರು. ಹನ್ನೆರಡು ಮಿಲಿಮೀಟರಿನ ಬೋಲ್ಟಿನಲ್ಲಿ ಆ ಇಳುಕಲು ಮೂರು ಡಿಗ್ರಿಯಷ್ಟೇ, ಹಾಗಾಗಿ ಉಜ್ಜಾಟದ ಬಲದಿಂದ ನಟ್ಟು ಅಲ್ಲೇ ಕೂತಿರುತ್ತದೆ. ಇಳಿಜಾರಿನ ಮೇಲೆ ಒಂದು ಜೋಳದ ಚೀಲ ಇಡಿ, ಕೂರುತ್ತದೆ. ಅದನ್ನು ಅಡ್ಡಕ್ಕೆ ಎಳೆಯಿರಿ. ಚೀಲ ಅಡ್ಡಕ್ಕೆ ಬರುತ್ತ ಬರುತ್ತ, ನೀವು ಹೇಳದಿದ್ದರೂ ಕೆಳಕ್ಕೂ ಸರಿಯುತ್ತದೆ. ನಟ್ಟಿನದೂ ಅದೇ ಪಾಡು. ಆದ್ದರಿಂದ ವಾಹನ ಮಾಡುವವರ ಚಿಂತೆ ನಟ್ಟನ್ನು ಕಟ್ಟಿಹಾಕುವುದಕ್ಕಿಂತ, ಭಾಗಗಳು ಜಾರದಷ್ಟು ಬಿಗಿಯಾಗಿ ಅವುಚುವುದು. ಟ್ರ್ಯಾಕ್ಟರಿನ ಗಾಲಿ ನಿಂತಿರುವುದು ಬೋಲ್ಟುಗಳ ಮೇಲೆ ಎಂದು ನಾವು ತಿಳಿಯುತ್ತೇವೆ. ಅದು ನಿಂತಿರುವುದು ಡಿಸ್ಕು ಹಬ್ಬಿಗೆ ಒತ್ತಿಕೊಂಡ ಉಜ್ಜಾಟದ ಮೇಲೆ. ಬೋಲ್ಟು ಒತ್ತಿ ಹಿಡಿಯುತ್ತದೆ ಅಷ್ಟೇ. ಅದಕ್ಕಾಗಿಯೇ ಗಾಲಿ ನಟ್ಟನ್ನು ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯುತ್ತಾರೆ, ಹೊಸ ಗಾಲಿ ಕೂರಿಸಿ ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯುತ್ತಾರೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳನ್ನು ನೋಡಬೇಕು. ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಮೇಲೆ ಮುಗಿಲು ಮುಟ್ಟುವ ಕಬ್ಬು, ಇವೆಲ್ಲವನ್ನೂ ಮೀರಿಸುವ ಡೆಕ್ಕಿನ ಹಾಡು. ಮುಂದೆ ಹೋಗುವ ಜಾಗವಿಲ್ಲದೆ ಅದರ ಬೆನ್ನಿಗೇ ನಿಧಾನ ಹೋಗುವಾಗ ನನಗೆ ಕಾಣುವುದು ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಪಿನ್ನು. ಅಲ್ಲಿ ನಟ್ಟಿಲ್ಲ, ಬೋಲ್ಟಿಲ್ಲ. ಅಷ್ಟೂ ಭಾರ ಎಳೆಯುವುದು ತೂತಿನಲ್ಲಿ ಇಳಿಬಿಟ್ಟ ಒಂದು ಕಬ್ಬಿಣದ ಗೂಟ, ಅದು ಮೇಲೆದ್ದು ಬರದಂತೆ ತಡೆಯುವುದು ಒಂದು ತಂತಿಯ ಕೀಲು. ಎತ್ತಿನ ಬಂಡಿಯ ಗಾಲಿಗೆ ಹಾಕುತ್ತಿದ್ದ ಕಡೆಗೀಲೇ ಇದು. ಆ ಕಡೆಗೀಲನ್ನು ವಚನದೊಳಗೆ ತಂದವನು ಜೇಡರ ದಾಸಿಮಯ್ಯ, ವೃತ್ತಿಯಿಂದ ನೇಕಾರ. ಮಗ್ಗದವರಿಗೂ ಕೀಲಿಗೂ ಇರುವ ನಂಟು ಹಳೆಯದು ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಕಡೆಗೀಲು ಗಾಲಿ ಕಳಚಿ ಬೀಳದಂತೆ ನೋಡಿಕೊಳ್ಳುತ್ತದೆ, ಬಿಗಿ ಕೊಡುವುದಿಲ್ಲ. ಗಾಲಿಯ ಬೇರಿಂಗಿನ ಮುಂದೆ ಕಿರೀಟದಂಥ ನಟ್ಟು ಹಾಕಿ ಅದರೊಳಗೆ ಸ್ಪ್ಲಿಟ್ ಪಿನ್ನು ತೂರಿಸುವವರಿಗೂ ಇದು ಗೊತ್ತಿದೆ. ಅಲ್ಲಿ ಬಿಗಿ ಬೇಡ, ಬೀಳದಿದ್ದರೆ ಸಾಕು.

ಒಮ್ಮೆ ಮುಧೋಳದ ಹತ್ತಿರ ರಸ್ತೆ ಬದಿಗೆ ಟ್ರ್ಯಾಕ್ಟರು ನಿಲ್ಲಿಸಿಕೊಂಡ ಚಾಲಕ ಗಾಲಿಯ ಒಂದೊಂದೇ ನಟ್ಟಿಗೆ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿ ಕೊಡುತ್ತಿದ್ದ. ಡೆಕ್ಕು ಬಂದ್ ಮಾಡಿದ್ದ, ಅದೇ ನನ್ನನ್ನು ನಿಲ್ಲಿಸಿದ್ದು.

“ಏನ ಮಾಡಾಕತ್ತಿ ತಮ್ಮಾ?”

“ನಟ್ಟ ಬಿಗಿ ಐತೋ ಇಲ್ಲೋ ಸಪ್ಪಳದಾಗ ಗೊತ್ತಾಕ್ಕೈತ್ರಿ ಕಾಕಾ. ಟಣ್ ಅಂದ್ರ ಬರೋಬರಿ. ದಬ್ ಅಂದ್ರ ಸಡ್ಲ.”

ಆರು ಟಣ್ ಅಂದವು. ಏಳನೆಯದು ದಬ್ ಅಂದಿತು. ಅವನು ಸೀಟಿನ ಕೆಳಗಿನಿಂದ ಪಾನಾ ತೆಗೆದ, ಪೈಪನ್ನೂ ತೆಗೆದ. ಪೈಪು ನೋಡಿದ್ದೇ ತಡ, ನಾನು ಗಾಡಿ ಚಾಲೂ ಮಾಡಿದೆ.

ನಂಬರ್ ಪ್ಲೇಟು ಸಿಕ್ಕಿತು, ಹೇಳಲು ಮರೆತೆ. ಮೂರನೆಯ ವಾರಕ್ಕೆ ಬೀಳಗಿ ಕ್ರಾಸಿನ ಒಂದು ಚಾದಂಗಡಿಯ ಕಂಬಕ್ಕೆ ಅದು ನೇತುಬಿದ್ದಿತ್ತು, ಮೇಲೆ ಬಿಸ್ಕೀಟಿನ ದರಪಟ್ಟಿ ಅಂಟಿಸಿಕೊಂಡು. ಅಂಗಡಿಯ ಮುದುಕ ಹಿಂದೊಮ್ಮೆ ರಬಕವಿಯಲ್ಲಿ ಮಗ್ಗ ನೇಯ್ದವನಂತೆ. ನಟ್ಟು-ಬೋಲ್ಟು ತರುತ್ತೇನೆ ಇರ್ರಿ ಅಂದರೆ ಕೇಳಲಿಲ್ಲ. ಗಲ್ಲಾದಿಂದ ನೈಲಾನ್ ನೂಲಿನ ಉಂಡೆ ತೆಗೆದು, ತೂತಿನಲ್ಲಿ ನಾಲ್ಕು ಸಲ ಪೋಣಿಸಿ, ಹಿಂದೆ ಒಂದು ಗಂಟು ಹಾಕಿ, ಹಲ್ಲಿನಿಂದ ಕಡಿದ. ಚಾದ ದುಡ್ಡು ಬಿಟ್ಟು ಬೇರೆ ತೆಗೆದುಕೊಳ್ಳಲಿಲ್ಲ.

ವರ್ಷಗಳು ಕಳೆದು ಹೈ ಸೆಕ್ಯುರಿಟಿ ಪ್ಲೇಟಿನ ಕಾಯಿದೆ ಬಂತು. ಹೊಸ ಹಲಗೆ ಕೂರಿಸುವ ಹುಡುಗ ಸ್ಕ್ರೂಡ್ರೈವರು, ಪಾನಾ, ಪಕ್ಕಡ ಎಲ್ಲ ಹರಡಿಕೊಂಡು ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತ. ಬಹಳ ಹೊತ್ತು ಆ ಗಂಟಿನೊಡನೆ ಗುದ್ದಾಡಿದ. ಕೊನೆಗೆ ತಲೆ ಎತ್ತಿ ಕೇಳಿದ:

“ಸರ್ರ, ಮನ್ಯಾಗ ಬ್ಲೇಡ್ ಐತೇನ್ರಿ?”