ಜಿದ್ದಿನ ಕಾಕಾ

ಯಾವ ಆಟವೇ ನಡೆಯಲಿ, ಅದರ ಹೊಟ್ಟೆಯೊಳಗೆ ಇನ್ನೊಂದು ಆಟ ಹುಟ್ಟಿಸುವವರೊಬ್ಬರು ಪ್ರತಿ ಊರಲ್ಲೂ ಇರುತ್ತಾರೆ. ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ಅವರನ್ನು ಜಿದ್ದಿನ ಕಾಕಾ ಅನ್ನೋಣ. ಹಿರಿಯರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ, ಅಲ್ಲಿಂದ ಹೊರಗೆ ಬಂದದ್ದಿಲ್ಲ.

ದೀಪಾವಳಿ ಮುಗಿದು ಹೋರಿ ಬೆದರಿಸುವ ಹಬ್ಬ ಬಂತೆನ್ನಿ. ಕೊಬ್ಬರಿ ಸರ ಕಟ್ಟಿದ ಯಾವ ಹೋರಿ ಯಾರ ಕೈಗೂ ಸಿಗದೆ ದಾಟೀತು ಎಂದು ಊರಿಗೆ ಊರೇ ತುದಿಗಾಲಲ್ಲಿ ನಿಂತಿರುತ್ತದೆ. ಕಾಕಾ ಮಾತ್ರ ಪಕ್ಕದವನ ಅಂಗಿ ಜಗ್ಗಿ, ‘ಕೊಬ್ಬರಿ ಮೊದಲ ಹರಿಯೂದು ಎಡಕ್ಕೋ ಬಲಕ್ಕೋ? ಹೇಳು, ಒಂದು ಚಾ’ ಅನ್ನುತ್ತಿರುತ್ತಾರೆ. ಮದುವೆಯಲ್ಲಿ ಅಕ್ಷತೆ ಮೊದಲು ಬೀಳುವುದು ವರನ ತಲೆಯ ಮೇಲೋ ಭಟ್ಟರ ತಲೆಯ ಮೇಲೋ ಎಂಬುದು ಅವರ ಚಿಂತೆ. ರೈಲ್ವೆ ಸ್ಟೇಷನ್ನಿನ ಕಟ್ಟೆಯ ಮೇಲೆ ಕುಳಿತರೆ, ಹುಬ್ಬಳ್ಳಿ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯಿಂದ ಮೊದಲು ಕೆಳಗಿಳಿಯುವುದು ಕಾಲೋ ಚೀಲವೋ ಎಂದು ಕೇಳುತ್ತಾರೆ. ಗಾಡಿ ಎಷ್ಟು ಹೊತ್ತಿಗೆ ಬಂದೀತು ಎಂಬ ಜಿದ್ದಿಗೆ ಯಾರಾದರೂ ಕರೆದರೆ ಅವರಿಗೆ ಹಿಡಿಸುವುದಿಲ್ಲ. ‘ಅದು ದೊಡ್ಡ ಆಟ. ಅದನ್ನ ಸರಕಾರ ಆಡ್ತೈತಿ. ನಾವು ಸಣ್ಣದು ಆಡೂಣು.’

ಜಿದ್ದಿಗೆ ರೊಕ್ಕ ಹಚ್ಚುವವರನ್ನು ಕಾಕಾ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ‘ರೊಕ್ಕಾ ಹಚ್ಚಿದ್ರ ಜೂಜು, ಖಾರಾ ಹಚ್ಚಿದ್ರ ಬಳಗ’ ಎಂಬುದು ಅವರ ಧರ್ಮಸೂತ್ರ. ಸಣ್ಣ ಜಿದ್ದಿಗೆ ಅರ್ಧ ಚಾ, ನಡುವಿನದಕ್ಕೆ ಒಂದು ಪ್ಲೇಟು ಮಿರ್ಚಿ, ಮಾನದ ಪ್ರಶ್ನೆ ಬಂದರೆ ಪಾವ್ ಕಿಲೋ ಸವಣೂರು ಖಾರಾ. ಗೆದ್ದವನು ಒಬ್ಬನೇ ತಿನ್ನುವಂತಿಲ್ಲ, ಸೋತವನಿಗೂ ಒಂದು ಮುಷ್ಟಿ ಕೊಡಬೇಕು. ಹಾಗಾಗಿ ಇಷ್ಟು ವರ್ಷಗಳ ಲೆಕ್ಕದಲ್ಲಿ ಊರಿನಲ್ಲಿ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಖಾರಾ ಅಂಗಡಿಯವರು ಮಾತ್ರ ಮಾಳಿಗೆ ಏರಿಸಿದ್ದಾರೆ.

ಸವಣೂರು ತಾಲ್ಲೂಕಿನಲ್ಲಿ ಗಾಲ್ಫ್ ಮೈದಾನವಿಲ್ಲ. ಆದರೂ ಕಾಕಾಗೆ ಗಾಲ್ಫಿನ ಹುಚ್ಚು ಹಿಡಿದದ್ದು 2021ರ ಆಗಸ್ಟ್ 7ರ ಶನಿವಾರ. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಬಾಗಿಲಲ್ಲಿ ನಿಂತಿದ್ದಾಳೆಂದು ತಿಳಿದು, ಗಾಲ್ಫ್ ಚೆಂಡನ್ನು ಕಂಡಿರದ ಮಂದಿಯೂ ಅಂದು ಬೆಳಿಗ್ಗೆ ಎದ್ದು ಮೊಬೈಲಿಗೆ ಕಣ್ಣು ಅಂಟಿಸಿದ್ದರು. ಒಂದೇ ಒಂದು ಏಟಿನ ಅಂತರದಲ್ಲಿ ಪದಕ ತಪ್ಪಿ ಆಕೆ ನಾಲ್ಕನೆಯವರಾದರು. ಊರು ಹಳಹಳಿಸಿತು. ಕಾಕಾ ಹಳಹಳಿಸುತ್ತಲೇ ಲೆಕ್ಕ ಹಾಕಿದರು: ‘ನಾಕು ದಿನಾ ಆಡ್ತಾರ. ದಿನಾ ಹದಿನೆಂಟು ಕುಣಿ. ಒಂದೊಂದು ಕುಣಿಗೂ ಒಂದೊಂದು ಜಿದ್ದು!’ ಅದೇ ಸಂಜೆ ನೀರಜ್ ಚೋಪ್ರಾ ಭರ್ಚಿ ಎಸೆದು ಚಿನ್ನ ಗೆದ್ದಾಗ ಎಲ್ಲರ ಜೊತೆ ಕಾಕಾನೂ ಚಪ್ಪಾಳೆ ತಟ್ಟಿದರು. ಆದರೆ ಭರ್ಚಿ ಅವರಿಗೆ ರುಚಿಸಲಿಲ್ಲ. ಒಗೆದರೆ ಮುಗಿಯಿತು, ಒಳಗೆ ಇನ್ನೊಂದು ಆಟಕ್ಕೆ ಜಾಗವೆಲ್ಲಿ?

ಮುಂದಿನ ಶುಕ್ರವಾರವೇ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಹುಡುಗರಿಗೆ ಕೊಬ್ಬರಿ ಬಟ್ಟಲು, ಹರೆಯದವರಿಗೆ ಲಿಂಬಿಹಣ್ಣು ಒಗೆಯುವ ಜಿದ್ದು. ಇಲ್ಲಿಂದ ಆ ಗುಡಿಯವರೆಗೆ ಇಷ್ಟು ಒಗೆತದಲ್ಲಿ ಮುಟ್ಟಬೇಕು ಎಂದು ಮಾತಾಗುತ್ತದೆ. ಹಣ್ಣು ಬಿದ್ದಲ್ಲಿಂದಲೇ ಮತ್ತೆ ಒಗೆಯಬೇಕು. ಕಡಿಮೆ ಒಗೆತದಲ್ಲಿ ಮುಟ್ಟಿದವನು ಗೆದ್ದ. ಶ್ರಾವಣದ ಎರೆಮಣ್ಣಿನಲ್ಲಿ ಹೂತ ಲಿಂಬಿಹಣ್ಣನ್ನು ಕೀಳುತ್ತಿದ್ದ ಹುಡುಗನನ್ನು ನೋಡಿ ಕಾಕಾ ನಿಂತಲ್ಲೇ ಘೋಷಿಸಿದರು: ‘ಇದs ಗಾಲ್ಫ್! ಕೋಲು ಒಂದು ಕಮ್ಮಿ ಐತಿ, ಅಷ್ಟs.’

ಆಮೇಲೆ ಬೆಂಗಳೂರಿನ ಅಳಿಯನ ಮನೆಗೆ ಹೋದರು. ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ, ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಅಳಿಯಂದಿರ ಸಾಹೇಬರೊಬ್ಬರು ಗಾಲ್ಫ್ ಆಡುವವರು, ಕಾಕಾನನ್ನೂ ಜೊತೆಗೆ ನಡೆಸಿಕೊಂಡು ಹೋದರು. ಅವರ ಏಟು ಎಲ್ಲಿ ಬಿತ್ತೆಂದು ಕಾಕಾ ನೋಡಲೇ ಇಲ್ಲ. ‘ನೀವು ನಾಕು ಮಂದಿ ನಾಕು ತಾಸು ಸುಮ್ನ ನಡೀತೀರೇನ್ರೀ? ಒಳಗ ಏನರೆ ಇರಬೇಕಲ್ಲ?’ ಎಂದು ಕೇಳಿಯೇಬಿಟ್ಟರು. ಸಾಹೇಬರು ಆಚೀಚೆ ನೋಡಿ ನಕ್ಕು ಎಲ್ಲವನ್ನೂ ಬಿಚ್ಚಿಟ್ಟರು. ಯಲವಿಗಿಗೆ ಮರಳುವಾಗ ಕಾಕಾನ ನೋಟ್‌ಬುಕ್ಕು ತುಂಬಿತ್ತು.

ಮೊದಲನೆಯದು ನಸ್ಸಾ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ನಸ್ಸಾ ಕಂಟ್ರಿ ಕ್ಲಬ್ಬಿನ ಹೆಸರು ಹೊತ್ತದ್ದು. ಮೊದಲ ಒಂಬತ್ತು ಕುಣಿಗೆ ಒಂದು ಜಿದ್ದು, ಕೊನೆಯ ಒಂಬತ್ತಕ್ಕೆ ಇನ್ನೊಂದು, ಒಟ್ಟು ಹದಿನೆಂಟಕ್ಕೆ ಮತ್ತೊಂದು. ಮುಂಜಾನೆ ಮುಗ್ಗರಿಸಿದವನಿಗೆ ಮಧ್ಯಾಹ್ನ ಮುಖ ಎತ್ತಲು ದಾರಿ ಉಂಟು.

ಎರಡನೆಯದು ಸ್ಕಿನ್ಸ್. ಒಂದೊಂದು ಕುಣಿಗೂ ಒಂದೊಂದು ಬಹುಮಾನ. ಇಬ್ಬರು ಸಮ ಮಾಡಿದರೆ ಅದು ಮುಂದಿನ ಕುಣಿಗೆ ಸೇರಿಕೊಳ್ಳುತ್ತದೆ. ‘ಸೊಸೈಟಿ ಸಾಲ ಇದ್ದಂಗ. ಈ ವರ್ಷ ತೀರ್ಲಿಲ್ಲಂದ್ರ ಮುಂದಿನ ವರ್ಷಕ್ಕ ಕೂಡ್ತೈತಿ’ ಎಂದು ಕಾಕಾ ಭಾಷ್ಯ ಬರೆದರು. 1983ರಲ್ಲಿ ಪಾಮರ್, ನಿಕ್ಲಾಸ್, ಪ್ಲೇಯರ್, ವಾಟ್ಸನ್ ಎಂಬ ನಾಲ್ವರು ದಿಗ್ಗಜರು ಅಮೆರಿಕದ ಟೀವಿಯಲ್ಲಿ ಇದನ್ನೇ ಆಡಿ, ಗ್ಯಾರಿ ಪ್ಲೇಯರ್ ಗೆದ್ದರೆಂದು ಕೇಳಿದ ಮೇಲೆ ಕಾಕಾನ ಎದೆ ಒಂದಿಂಚು ಉಬ್ಬಿತು. ಸರೀಕರು ಸಿಕ್ಕಿದ್ದರು.

ತೋಳದ ಆಟ ಮಾತ್ರ ಊರಿಗೆ ಒಗ್ಗಲಿಲ್ಲ. ಸರದಿಯಂತೆ ಒಬ್ಬ ತೋಳ. ಉಳಿದವರ ಮೊದಲ ಏಟು ನೋಡುತ್ತಾ ಅವನು ಒಬ್ಬನನ್ನು ಜೊತೆಗಾರನನ್ನಾಗಿ ಆರಿಸಿಕೊಳ್ಳಬೇಕು, ಇಲ್ಲವೇ ಒಂಟಿಯಾಗಿ ಎಲ್ಲರನ್ನೂ ಎದುರಿಸಬೇಕು. ಕಾಕಾ ತಲೆ ಅಲ್ಲಾಡಿಸಿದರು: ‘ನಮ್ಮೂರಾಗ ಎಲ್ಲಾರೂ ಬೀಗ್ರು. ಒಬ್ಬನ್ನ ಆರಿಸಿದ್ರ ಇನ್ನೊಬ್ಬ ಮಗಳ ಮದವಿಗೆ ಕರಿಯಂಗಿಲ್ಲ.’

ಬಿಂಗೊ ಬ್ಯಾಂಗೊ ಬಾಂಗೊ ಅವರ ಮನಸ್ಸು ಗೆದ್ದಿತು. ಪ್ರತಿ ಕುಣಿಗೆ ಮೂರು ಅಂಕ. ಕುಣಿಯ ಸುತ್ತಲಿನ ಹಸಿರು ಹಾಸನ್ನು ಮೊದಲು ಮುಟ್ಟಿದವನಿಗೆ ಒಂದು, ಎಲ್ಲರೂ ಮುಟ್ಟಿದ ಮೇಲೆ ಕುಣಿಗೆ ಅತಿ ಹತ್ತಿರ ಇದ್ದವನಿಗೆ ಒಂದು, ಮೊದಲು ಒಳಗೆ ಹಾಕಿದವನಿಗೆ ಒಂದು. ರಟ್ಟೆಯಲ್ಲಿ ಕಸುವಿಲ್ಲದವನಿಗೂ ಒಂದು ಅಂಕ ದಕ್ಕುತ್ತದೆ. ಕಾಕಾನ ಸಿದ್ಧಾಂತವೂ ಇದೇ: ದೊಡ್ಡ ಆಟ ಅರ್ಧ ದಾರಿಯಲ್ಲೇ ಮುಕ್ಕಾಲು ಮಂದಿಯನ್ನು ಬೇಡವಾದವರನ್ನಾಗಿ ಮಾಡುತ್ತದೆ, ಒಳಗಿನ ಆಟ ಅವರನ್ನು ಕೊನೆಯ ತನಕ ಬೇಕಾದವರನ್ನಾಗಿ ಇಟ್ಟುಕೊಳ್ಳುತ್ತದೆ. ‘ಐದನೇ ಕುಣಿಗೇ ಸೋತಾಂವ ಹದಿನೆಂಟನೇ ಕುಣಿಮಟ ಯಾಕ ನಡೀಬೇಕ್ರೀ? ಒಂದು ಪ್ಲೇಟು ಮಿರ್ಚಿ ಇನ್ನೂ ಐತಿ ಅಂತ.’

ಹೀಗೆ ಮುಂದೆ ಬಂದ ಪಂಚಮಿಯಲ್ಲಿ ಲಿಂಬಿಹಣ್ಣಿನ ಜಿದ್ದಿಗೆ ಹೊಸ ಕಳೆ ಏರಿತು. ಅರ್ಧ ದಾರಿಗೆ ಒಂದು ಚಾ, ಉಳಿದರ್ಧಕ್ಕೆ ಒಂದು, ಪೂರ್ತಿಗೆ ಖಾರಾ. ಜೊತೆಗೆ ಗಾಲ್ಫಿನ ಹಾವಿನ ಆಟ. ಅಲ್ಲಿ ಕುಣಿಯ ಹತ್ತಿರ ಬಂದ ಮೇಲೂ ಮೂರು ಸಲ ತಳ್ಳಿದವನ ಕೊರಳಿಗೆ ಹಾವು, ಇನ್ನೊಬ್ಬ ಹಾಗೇ ತಪ್ಪಿದರೆ ಅವನ ಕೊರಳಿಗೆ. ಕೊನೆಗೆ ಯಾರ ಬಳಿ ಉಳಿಯಿತೋ ಅವನು ತೆರಬೇಕು. ಇಲ್ಲಿ ಗುಡಿಯ ಕಟ್ಟೆಯ ಬಳಿ ಬಂದು ಮೂರು ಸಲ ಒಗೆದವನಿಗೆ ಹಾವು ಎಂದಾಯಿತು. ಹಿರಿಯರೊಬ್ಬರು ‘ಹಬ್ಬದ ದಿನ ನಾಗಪ್ಪನ ಚಾಷ್ಟಿ ಬ್ಯಾಡೋ’ ಎಂದು ಗದರಿದರು. ಕಾಕಾ ಕೈ ಮುಗಿದರು: ‘ಚಾಷ್ಟಿ ಅಲ್ರೀ ಯಜಮಾನ್ರ, ಸೇವಾ. ಇವತ್ತು ಎಲ್ಲಾರೂ ಹಾವಿಗೆ ಹಾಲು ಹಾಕ್ತಾರ. ನಮ್ಮಲ್ಲಿ ಹಾವು ಹಿಡದಾಂವ ಎಲ್ಲಾರಿಗೂ ಹಾಲಿನ ಚಾ ಕುಡಸ್ತಾನ.’ ಯಜಮಾನರು ಎರಡು ಕಪ್ಪು ಕುಡಿದರು.

ಊರೆಲ್ಲ ಗೆದ್ದ ಕಾಕಾ ಮನೆಯ ಹೊಸ್ತಿಲು ದಾಟಿದರೆ ಮುಗಿಯಿತು. ಕಾಕೂ ಯಾವ ಜಿದ್ದಿಗೂ ಇಳಿದವರಲ್ಲ, ಆದರೆ ಎಲ್ಲ ಜಿದ್ದಿನ ಖಾರಾದ ರುಚಿ ಬಲ್ಲವರು. ಹಬ್ಬದ ಮರುದಿನ ನಸ್ಸಾದ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡು, ಸೆರಗಿಗೆ ಕೈ ಒರೆಸುತ್ತ ಹೇಳಿದರು: ‘ಹಂಗಾರ ನಂದೂ ಒಂದೈತ್ರಿ. ಮಧ್ಯಾಹ್ನತನಾ ನೀವು ಯಾರ ಕೂಡಾನೂ ಜಿದ್ದು ಕಟ್ಟಬಾರದು, ಅದು ಒಂದು. ಮಧ್ಯಾಹ್ನದಿಂದ ಸಂಜಿತನಾ ಕಟ್ಟಬಾರದು, ಅದು ಎರಡು. ಇಡೀ ದಿನಾ ಕಟ್ಟಬಾರದು, ಅದು ಮೂರು. ಸೋತ್ರ ಹಿತ್ತಲದ ಕಸಾ ನಿಮ್ದು.’

ಕಾಕಾನ ಕಣ್ಣು ಅರಳಿತು. ‘ಆತು! ಆದ್ರ ಮೊದಲನೇದು ನಾ ಸೋಲ್ತೀನಿ ಅಂತ ನಂದೊಂದು ಬ್ಯಾರೆ ಜಿದ್ದು. ಎಷ್ಟು ಹಚ್ತಿ?’

ಕಾಕೂ ಕಸಬರಿಗೆ ಕೈಗಿತ್ತರು.